ಎರಡನೆಯ ಹೆಸರು

ಮೂಗಿಗೆ ಇನ್ನೂ ಒಗ್ಗಿಲ್ಲ ಈ ನಾತ, ಒಗ್ಗಿಲ್ಲ ಒಗ್ಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಒಗ್ಗಿಯೇ ಹೋಗಿರುತ್ತದೆ, ಚಳಿಗಾಲವೆಲ್ಲ ಮನೆಮನೆಯವರು ತೊಟ್ಟಿಯಲ್ಲಿ ಕೂಡಿಟ್ಟು ಹುಳಿ ಬರಿಸಿದ ಉಚ್ಚೆ, ಕುಗ್ಗಿ ಗಟ್ಟಿಯಾಗಲೆಂದು ಅದರಲ್ಲಿ ಅದ್ದಿ ತೆಗೆದ ಉಣ್ಣೆಬಟ್ಟೆ, ಆವಿ ಕಣ್ಣಿಗೆ ರಾಚುತ್ತದೆ, ಉದ್ದನೆಯ ಹಲಗೆಯ ಎರಡೂ ಬದಿ ತೋಳು ಏರಿಸಿ ಕೂತ ಹೆಂಗಸರು, ಧಪ್, ಎಳೆ, ಧಪ್, ದಾಟಿಸು, ಬಟ್ಟೆ ಸೂರ್ಯ ಸುತ್ತುವ ದಿಕ್ಕಿನಲ್ಲೇ ಸುತ್ತಬೇಕು, ಹಿಂದುಮುಂದಾದರೆ ಹೊದೆಯುವವನಿಗೆ ಕೇಡು, ಫಿನೋಲಾ ತನ್ನ ಮುಂದಿನ ಒದ್ದೆ ಮುದ್ದೆಯನ್ನು ಎಡಗಡೆಯವಳ ಕಡೆ ನೂಕಿದಳು, ಬಲಗಡೆಯಿಂದ ಇನ್ನೊಂದು ಬಂತು, ಧಪ್, ಹಾಡು ನಡೆಯುತ್ತಲೇ ಇದೆ, ಬಾಯಿ ತಾನಾಗಿ ಹಾಡುತ್ತದೆ, ಮನಸ್ಸು ಮಾತ್ರ ಕೊಟ್ಟಿಗೆಯ ಕಲ್ಲುಗೋಡೆ ದಾಟಿ ಹೋಗಿ ನಿಂತಿದೆ — ಆಚೆ ಇನ್ನೊಂದು ಸದ್ದು, ಒಳಗಿನ ತಾಳಕ್ಕೆ ಸೇರದ ಸದ್ದು, ಕೊಡಲಿ, ಟೊರ್ಕಿಲ್ ಸೌದೆ ಸೀಳುತ್ತಿದ್ದಾನೆ, ನಾಳೆಯ ಬೆಲ್ಟೇನ್ ಹಬ್ಬದ ಬೆಂಕಿಗೆ, ಹೋದ ಬೆಲ್ಟೇನ್‌ನಲ್ಲಿ ಇವಳ ಕೈಗೆ ಕೈ ಕಟ್ಟಿಸಿಕೊಂಡ ಗಂಡ ಈ ಬೆಲ್ಟೇನ್‌ಗೆ ತಾನೇ ಸೌದೆ ಸೀಳುತ್ತಿದ್ದಾನೆ, ಆ ಬೆಂಕಿ ಹೊತ್ತಿತೆಂದರೆ ಕೈಕಟ್ಟಿನ ಒಂದು ವರ್ಷದ ಅವಧಿ ಮುಗಿಯಿತು, ಇರುವವಳು ಪಾದ್ರಿಯ ಮುಂದೆ ನಿಂತು ಪೂರಾ ಹೆಂಡತಿಯಾಗುತ್ತಾಳೆ, ಹೋಗುವವಳು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾಳೆ, ಯಾರೂ ಯಾರನ್ನೂ ಆಡಿಕೊಳ್ಳುವಂತಿಲ್ಲ, ಹಿರಿಯರು ಹಾಗೆ ಕಟ್ಟು ಮಾಡಿದ್ದಾರೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದನಲ್ಲ, ನಿಮ್ಮಣ್ಣ ಬಂದಿದಾನೆ, ಹೋಗೋದಾದ್ರೆ ಹೇಳು, ಪೆಟ್ಟಿಗೆ ನಾನೇ ಹೊತ್ಕೊಂಡ್ಹೋಗಿ ದೋಣೀಲಿ ಇಡ್ತೀನಿ, ಭಾರ ಇದೆ ಅದು. ಅಯ್ಯೋ ಪುಣ್ಯಾತ್ಮ, ಇಷ್ಟುದ್ದ ಮಾತು ಆಡುವವನಿಗೆ ಇರು ಎನ್ನುವ ಎರಡಕ್ಷರ ಬಾಯಲ್ಲಿ ಬರಲಿಲ್ಲವೇ, ಇವಳೂ ಸುಮ್ಮನೆ ಹೂಂ ಎಂದಳು, ಹೂಂ ಎಂದರೆ ಏನರ್ಥ, ಹೋಗುತ್ತೇನೆ ಅಂತಲೋ ಕೇಳಿಸಿತು ಅಂತಲೋ, ಅವಳಿಗೇ ಗೊತ್ತಿಲ್ಲ.

ಗೊತ್ತಿಲ್ಲ ಎನ್ನುವುದು ಸುಳ್ಳು, ಎಲ್ಲಾ ಗೊತ್ತಿದೆ, ಇರಬೇಕು ಎಂದೇ ಇದೆ, ಈ ಗಬ್ಬುನಾತದಲ್ಲಿ, ಈ ಮಾತಾಳಿ ಹೆಂಗಸರ ನಡುವೆ, ಆ ಗೋಡೆಯಾಚೆಯ ಕೊಡಲಿಯ ಸದ್ದಿನ ಹತ್ತಿರ ಇದ್ದುಬಿಡಬೇಕು ಎಂದು ಮನಸ್ಸು ಯಾವತ್ತೋ ಚಾಪೆ ಹಾಸಿ ಕೂತುಬಿಟ್ಟಿದೆ, ಬಾಯಿಗೆ ಮಾತ್ರ ಬೀಗ, ಆ ಬೀಗ ಹಾಕಿಕೊಂಡವಳೂ ತಾನೇ — ಹೋದ ವರ್ಷ ಅಪ್ಪನ ಮನೆಯ ಅಂಗಳದಲ್ಲಿ, ಕಾಲಿಗೆ ಕಲ್ಲು ಕಟ್ಟಿದ ಹಾಗೆ ನಿಂತು, ಬರಲ್ಲ ಅಂದ್ರೆ ಬರಲ್ಲ ಎಂದು ಅತ್ತು ಕರೆದು, ಅಪ್ಪ ಬೇಡಿಕೊಂಡ, ಮಗಳೇ, ಹೆರ್ರಿಂಗ್ ಮೀನಿನ ಕೊಲ್ಲಿಗಾಗಿ ಎರಡೂ ದಂಡೆಯವರು ಬೇಕಾದಷ್ಟು ಹೆಣ ಹೊತ್ತದ್ದಾಯ್ತು, ನೀನೊಬ್ಬಳು ಹೋದ್ರೆ ನಿಲ್ಲುತ್ತೆ, ಒಂದು ವರ್ಷ, ಒಂದೇ ವರ್ಷ. ಆಗ ಅವಳು ಅಣ್ಣ ಡುಗಲ್‌ನ ತೋಳು ಹಿಡಿದು ಎಲ್ಲರೆದುರಿಗೇ ಕೂಗಿದ್ದಳು, ಮುಂದಿನ ಬೆಲ್ಟೇನ್ ಬೆಂಕಿ ಹತ್ತೋಕೆ ಮುಂಚೆ ದೋಣಿ ತಗೊಂಡು ಬಾ ಅಣ್ಣ, ಆ ಅರೆಮುಖದವನ ಮನೇಲಿ ಒಂದು ದಿನ ಜಾಸ್ತಿ ಇರಲ್ಲ ನಾನು. ಕೂಗಿ ತಿರುಗಿದರೆ ಬೇಲಿಯ ಹತ್ತಿರ ಅವನು ನಿಂತಿದ್ದ, ಕರೆದೊಯ್ಯಲು ಬಂದಿದ್ದವನು, ಕೇಳಿಸಿಕೊಂಡಿದ್ದ, ಬಲಗೆನ್ನೆಯನ್ನು ಇವಳ ಕಡೆ ಇಟ್ಟು ಕಡಲು ನೋಡುತ್ತಿದ್ದ, ಚೆನ್ನಾಗಿಯೇ ಇತ್ತು ಆ ಕೆನ್ನೆ, ಆಮೇಲೆ ಮುಖ ತಿರುಗಿಸಿದಾಗ — ಎಡಗಿವಿಯಿಂದ ಗಲ್ಲದವರೆಗೆ ಇಳಿದ ಗೆರೆ, ಅರ್ಧಕ್ಕೆ ನಿಂತ ರೆಪ್ಪೆ, ಕೆಳಕ್ಕೆ ಎಳೆದುಕೊಂಡ ತುಟಿಯ ತುದಿ — ಇವಳು ಕಣ್ಣು ಮುಚ್ಚಿಕೊಂಡಳು. ಕೈಗೆ ಕೈ ಕಟ್ಟುವಾಗ ಮುಷ್ಟಿ ಬಿಗಿಹಿಡಿದಿದ್ದಳು, ಬಿಡಿಸಮ್ಮ ಕೈ ಎಂದು ಹಿರಿಯರು ಗದರಿದರು, ಅವನು, ಇರಲಿ ಬಿಡಿ, ಮುಷ್ಟಿಗೇ ಕಟ್ಟಿ ಎಂದ. ಆ ಮುಷ್ಟಿಯ ಮೇಲೆ ಅವನ ಅಂಗೈ ಬಿಸಿಯಾಗಿತ್ತು, ಅದು ಆಗಲೇ ಗೊತ್ತಾಗಿತ್ತು, ಒಪ್ಪಿಕೊಂಡಿರಲಿಲ್ಲ ಅಷ್ಟೇ.

ಧಪ್, ಎಳೆ, ಏ ಹುಡುಗಿ ನಿದ್ದೆ ಮಾಡ್ತಿದೀಯೇನೇ ಎಂದಳು ಎದುರಿನ ಬೇಹಾಗ್, ಮೂರು ಹೆತ್ತವಳು, ನಾಲ್ಕನೆಯದನ್ನು ಹೊತ್ತುಕೊಂಡೇ ಬಟ್ಟೆ ಬಡಿಯುವವಳು, ಇವಳು ಇಲ್ಲಕ್ಕ ಎಂದು ನಕ್ಕಳು, ಎಷ್ಟು ಸಲೀಸಾಗಿ ಅಕ್ಕ ಎನ್ನುತ್ತೇನೆ ಈಗ, ಬಂದ ಹೊಸತರಲ್ಲಿ ಈ ದ್ವೀಪದವರ ಮುಖ ಕಂಡರೆ ಮೈಯೆಲ್ಲ ಉರಿ, ಇವರ ರೊಟ್ಟಿ ದಪ್ಪ, ಇವರ ಹಸು ಕುಳ್ಳು, ಇವರ ಗಾಳಿ ಸಹ ಕೆಟ್ಟದ್ದು. ಮೊದಲ ರಾತ್ರಿ ಅವನು ನಾಯಿಯ ಪಕ್ಕ ಹುಲ್ಲು ಹಾಸಿಕೊಂಡು, ಹಾಸಿಗೆ ನಿಂದು, ನಂಗೆ ಗೊರಕೆ ಅಭ್ಯಾಸ ಎಂದಷ್ಟೇ ಹೇಳಿ ಮಲಗಿಬಿಟ್ಟ, ಹಾಗೇ ಮಲಗಿದ ಬೇಸಿಗೆ ಪೂರಾ. ಊಟಕ್ಕೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ, ಏನು ಸೊಕ್ಕು ಇವನಿಗೆ, ಹೆಂಡತಿಗೆ ಬೆನ್ನು ಹಾಕಿ ಉಣ್ಣುತ್ತಾನಲ್ಲ ಎಂದು ಒಳಗೇ ಕುದಿಯುತ್ತಿದ್ದಳು, ಒಂದು ದಿನ ಬಟ್ಟಲು ಇಡಲು ಹೋದವಳು ಅಕಸ್ಮಾತ್ತಾಗಿ ನೋಡಿದಳು, ಗಂಜಿ ಆ ಎಳೆದುಕೊಂಡ ತುದಿಯಿಂದ ಸೋರಿ ಗಡ್ಡಕ್ಕೆ ಇಳಿಯುತ್ತಿತ್ತು, ತೋಳಿನಿಂದ ಒರೆಸಿಕೊಂಡ, ಇವಳು ನೋಡಿದ್ದು ಅವನಿಗೆ ಗೊತ್ತಾಯಿತು, ಕಿವಿ ಕೆಂಪಾಯಿತು ಆ ಪೈಲ್ವಾನನಿಗೆ. ಮಾರನೆಯ ದಿನ ಇವಳು ಓಟ್ಸ್ ಹಿಟ್ಟು ಎರಡು ಹಿಡಿ ಜಾಸ್ತಿ ಹಾಕಿ ಗಟ್ಟಿಯಾಗಿ ತಿರುವಿ, ಕೊಂಬಿನ ಚಮಚ ಚುಚ್ಚಿ ಕೊಟ್ಟಳು, ಚಮಚ ನೆಟ್ಟಗೆ ನಿಂತುಕೊಂಡಿತು. ಅವನು ಚಮಚ ನೋಡಿದ, ಬಟ್ಟಲು ನೋಡಿದ, ಇದು ಗಂಜಿನೋ ಗೋಡೆ ಕಟ್ಟೋ ಗಾರೆನೋ ಎಂದ, ಇವಳಿಗೆ ನಗು ಒತ್ತರಿಸಿಕೊಂಡು ಬಂತು, ತಡೆಯಲು ಹೋದರೆ ಮೂಗಿನಿಂದ ಬಂತು, ಅವನು ತಿರುಗಿ ಕೂತ, ಇವಳೆದುರಿಗೇ, ನಕ್ಕ — ಒಂದು ಬದಿ ನಗುತ್ತದೆ, ಇನ್ನೊಂದು ಬದಿ ನಗಲೋ ಬೇಡವೋ ಎಂದು ಯೋಚನೆ ಮಾಡುತ್ತಾ ಕೂತಿರುತ್ತದೆ, ಅದನ್ನು ನೋಡುವುದೇ ಒಂದು ಚಂದ, ಅವತ್ತಿನಿಂದ ಅವನನ್ನು ನಗಿಸುವುದೇ ಒಂದು ಕೆಲಸವಾಯಿತು ಇವಳಿಗೆ, ಎಡಬದಿಯ ಆ ಮೊಂಡು ತುದಿ ಎಂದಾದರೂ ಏಳುತ್ತದೋ ನೋಡೋಣ ಎಂದು. ಹಿಮ ಬಿದ್ದ ಮೇಲೆ ಒಂದು ಸಂಜೆ, ಚಳಿ, ಎಂದಳು. ಒಂದೇ ಮಾತು. ಕಂಬಳಿ ತಂದುಕೊಡಲು ಎದ್ದ ಹೆಡ್ಡ, ಕಂಬಳಿ ಅಲ್ಲ, ಎಂದಳು, ಆಮೇಲೆ ನಾಯಿ ಒಂಟಿಯಾಗಿ ಮಲಗಿತು.

ಈ ಬಟ್ಟೆಯೂ ಅವನದೇ, ಯಾರಿಗೂ ಹೇಳಿಲ್ಲ, ಚಳಿಗಾಲವಿಡೀ ನೂತದ್ದು, ಬಂಡೆಯ ಮೇಲಿನ ಕಲ್ಲುಹೂ ಕೆರೆದು ತಂದು ಕುದಿಸಿ ಕಂದುಗೆಂಪು ಬಣ್ಣ ಹಾಕಿದ್ದು, ಅವನ ಹೆಗಲ ಅಳತೆ ತೆಗೆದುಕೊಂಡದ್ದು ಅವನು ನಿದ್ದೆ ಹೋದಾಗ ಗೇಣು ಹಾಕಿ, ಗೊರಕೆ ನಿಲ್ಲಿಸಿ ಒಂದು ಕಣ್ಣು ಬಿಟ್ಟು, ಶವಪೆಟ್ಟಿಗೆಗಾ ಎಂದಿದ್ದ ಕೇಡಿ. ಬೆಳಿಗ್ಗೆ ಡುಗಲ್ ಬಂದಾಗ ಇವಳು ಒಲೆಯ ಹತ್ತಿರವೇ ಇದ್ದಳು, ಅಣ್ಣ ಕೂತ, ಅವನೆದುರಿಗೆ ಇವನು ಕೂತ, ಇವನ ಮುಖದ ಮೇಲೆ ಆ ಗೆರೆ ಎಳೆದ ಕತ್ತಿ ಅಣ್ಣನ ಸೊಂಟದಲ್ಲಿ ಈಗಲೂ ನೇತಾಡುತ್ತಿತ್ತು, ಅಣ್ಣ ಎಲ್ಲಿ ನೋಡಬೇಕೆಂದು ತಿಳಿಯದೆ ರೊಟ್ಟಿಯನ್ನೇ ನೋಡುತ್ತಿದ್ದ, ಟೊರ್ಕಿಲ್ ಅವನ ಬಟ್ಟಲಿಗೆ ಬಿಯರ್ ಬಗ್ಗಿಸುತ್ತಾ, ನಿನ್ನ ಕತ್ತಿ ಮೊಂಡಾಗಿತ್ತು ಕಣಯ್ಯಾ, ಚೂಪಾಗಿದ್ದಿದ್ರೆ ಇಷ್ಟು ಅಂಕುಡೊಂಕು ಆಗ್ತಿರಲಿಲ್ಲ, ಮಸೆಯೋ ಕಲ್ಲು ಕೊಡ್ತೀನಿ ತಗೊಂಡ್ಹೋಗು ಎಂದ. ಅಣ್ಣ ಕೆಮ್ಮಿದ, ಬಿಯರ್ ನೆತ್ತಿಗೇರಿತು, ಕೊನೆಗೆ ನಕ್ಕೂ ನಕ್ಕ. ಆಮೇಲೆ ಇವಳನ್ನು ಪಕ್ಕಕ್ಕೆ ಕರೆದು, ಪುಟ್ಟಿ, ಹೇಳಿದ ಹಾಗೇ ಬಂದಿದೀನಿ, ಕಡಲಿನ ಇಳಿತ ಆದ ಕೂಡ್ಲೆ ಹೊರಡೋಣ, ಅಮ್ಮ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದಾಳೆ ಎಂದ, ಪಾಪ, ಆಡಿದ ಮಾತು ಉಳಿಸಿಕೊಂಡು ಬಂದವನಿಗೆ ಏನು ಹೇಳುವುದು, ಅಣ್ಣ, ಅವತ್ತು ಊರೆಲ್ಲ ಕೇಳುವಂತೆ ಅರಚಿದವಳು ನಾನಲ್ಲ ಎನ್ನುವುದೇ, ಬಟ್ಟೆ ಬಡಿಯೋದಿದೆ ಅಣ್ಣ, ಮುಗಿಸಿ ಹೇಳ್ತೀನಿ ಎಂದು ತಪ್ಪಿಸಿಕೊಂಡು ಓಡಿಬಂದಳು. ಅವನು ಇರು ಎನ್ನಲಿ ಎಂದು ಇವಳು, ಇವಳು ಇರುತ್ತೇನೆ ಎನ್ನಲಿ ಎಂದು ಅವನು, ಇಬ್ಬರ ಮರ್ಯಾದೆಯ ನಡುವೆ ಇಳಿತ ಇಳಿಯುತ್ತಲೇ ಇದೆ, ಧಪ್.

ಸಾಕು ನಿಲ್ಸಿ, ಎಂದಳು ಗೋರ್ಮ್ಲಾ ಅತ್ತೆ, ಹಲಗೆಯ ತಲೆಯಲ್ಲಿ ಕೂತವಳು, ಟೊರ್ಕಿಲ್‌ನ ತಂದೆಯ ತಂಗಿ, ಅವಳ ಮುಂದೆ ಹದ್ದೂ ತಗ್ಗಿ ಹಾರುತ್ತದೆ ಎನ್ನುತ್ತಾರೆ, ನಡುಬೆರಳಿನಿಂದ ಬಟ್ಟೆಯ ಅಗಲ ಅಳೆದಳು, ಕುಗ್ಗಬೇಕಾದಷ್ಟು ಕುಗ್ಗಿದೆ, ಇನ್ನು ಮಡಚೋ ಹಾಡು ಒಂದೇ ಬಾಕಿ, ಯಾರನ್ನ ದೋಣಿ ಹತ್ತಿಸೋಣ ಎಂದಳು. ಹೋ ಎಂದರು ಎಲ್ಲರೂ, ಈ ಆಟ ಬಾರದಿದ್ದರೆ ಇವರು ಬಟ್ಟೆಯನ್ನೇ ಬಡಿಯುವುದಿಲ್ಲವೇನೋ, ಒಬ್ಬಳ ಹೆಸರು ಹಿಡಿದು ಹಾಡುವುದು, ಇವಳ ದೋಣಿಗೆ ಯಾರು ಬೇಕು, ಒಬ್ಬ ಗಂಡಸಿನ ಹೆಸರು ಕೂಗುವುದು, ಮೊದಲ ಹೆಸರನ್ನು ನೀರಿಗೆ ನೂಕಲೇಬೇಕು, ಜರಿದು, ಹೀಯಾಳಿಸಿ, ಕೊನೆಗೆ ಅವನು ನೀರಿಗೆ ಹೋಗಲಿ ಎನ್ನಬೇಕು, ಎರಡನೆಯ ಹೆಸರನ್ನು ಕೈಹಿಡಿದು ದೋಣಿಗೆ ಎಳೆದುಕೊಳ್ಳಬೇಕು. ಇವಳ ದಂಡೆಯಲ್ಲಿ ಹಾಗಿಲ್ಲ, ಒಂದೇ ಹೆಸರು, ಸರಿ ಅನ್ನುವುದು, ಮುಗಿಯಿತು, ಹಾಗಾಗಿಯೇ ಹೋದ ಸುಗ್ಗಿಯಲ್ಲಿ ಹಲ್ಲಿಲ್ಲದ ಮುದುಕ ಮುರ್ಡೋನ ಹೆಸರು ಕೂಗಿದಾಗ ಮರ್ಯಾದೆಯಿಂದ ಬರಲಿ ಪಾಪ ಎಂದುಬಿಟ್ಟಿದ್ದಳು, ಹೆಂಗಸರು ಹೊಟ್ಟೆ ಹಿಡಿದುಕೊಂಡು ಹೊರಳಿದರು, ಚಳಿಗಾಲವಿಡೀ ಮುರ್ಡೋನ ಹೆಂಡತಿ ಎಂದೇ ಕರೆದರು, ಟೊರ್ಕಿಲ್ ಆ ಮುದುಕನಿಗೆ ಒಂದು ಬುಟ್ಟಿ ಮೀನು ಕಳಿಸಿದ, ನನ್ನ ಹೆಂಡ್ತೀನ ಚೆನ್ನಾಗಿ ನೋಡ್ಕೊಳ್ಳಿ ಎಂದು. ಮೂಗು ಆಡಿಕೊಳ್ಳಬಹುದು, ಹೊಟ್ಟೆ ಆಡಿಕೊಳ್ಳಬಹುದು, ಅವನ ಅಮ್ಮನನ್ನೂ ಬಿಡಬೇಕಿಲ್ಲ, ಒಂದೇ ಒಂದು, ಕತ್ತಿ ಕೊಟ್ಟ ಗಾಯವನ್ನು ಮಾತ್ರ ಹಾಡಿಗೆ ತರುವಂತಿಲ್ಲ, ಎರಡೂ ದಂಡೆಯಲ್ಲಿ ಇದೊಂದು ಕಟ್ಟಳೆ ಒಂದೇ, ಗಾಯವಾಗದ ಗಂಡಸಿರುವ ಮನೆ ಯಾವುದಿದೆ ಇಲ್ಲಿ.

ಫಿನೋಲಾಳ ದೋಣಿಗೆ ಯಾರು ಬೇಕು, ಎಂದು ಎತ್ತಿದಳು ಅತ್ತೆ, ಹೆಂಗಸರು ಚಪ್ಪಾಳೆಯಲ್ಲಿ ಹಿಡಿದರು, ಈ ಸಲ ಯಾರಪ್ಪಾ, ಕುಂಟುಕತ್ತೆಯ ಐವರ್‌ನೋ, ಹೆಂಡಗುಡುಕ ಪಾದ್ರಿಯೋ, ಇವಳು ಮನಸ್ಸಿನಲ್ಲೇ ಬೈಗುಳ ಜೋಡಿಸಿಕೊಳ್ಳುತ್ತಿದ್ದಳು, ಅತ್ತೆ ಇವಳ ಮುಖವನ್ನೇ ನೋಡುತ್ತಾ, ಟೊರ್ಕಿಲ್, ಎಂದಳು. ಮೊದಲ ಹೆಸರೇ ಅವನದು! ಅಯ್ಯಯ್ಯೋ ಎಂದಳು ಬೇಹಾಗ್, ಗಂಡನನ್ನೇ ನೀರಿಗೆ ನೂಕಿಸ್ತೀಯಲ್ಲ ಅತ್ತೆ, ನಗು ಎದ್ದಿತು, ಏನು ಮಾಡುತ್ತಿದ್ದಾಳೆ ಈ ಮುದುಕಿ, ಹೋಗುವುದಿದ್ದರೆ ಹಾಡಿನ ನೆಪದಲ್ಲಿ ಹೇಳಿಬಿಡು ಎಂದು ದಾರಿ ಬಿಡುತ್ತಿದ್ದಾಳೋ, ಪರೀಕ್ಷೆಯೋ, ಚಪ್ಪಾಳೆ ಕಾಯುತ್ತಿದೆ, ಆಚೆ ಕೊಡಲಿಯೂ ನಿಧಾನವಾಯಿತು, ಕೇಳುತ್ತಿದ್ದಾನೆ, ಕೇಳಲಿ, ಹಾಡಬೇಕಾದದ್ದೇ ಹಾಡುತ್ತೇನೆ, ಅವನಿಗೆ ಗೊತ್ತಿಲ್ಲದ ಆಟವೇ, ಶುರುಮಾಡಿದಳು, ಅವನ ಪಾದ ತಣ್ಣಗೆ ಸತ್ತ ಮೀನು, ಬೇಡಪ್ಪಾ ಬೇಡ, ಬೇಡಪ್ಪಾ ಬೇಡ ಎಂದರು ಹೆಂಗಸರು, ಅವನ ಗೊರಕೆಗೆ ಹಸು ಹಾಲು ಬಿಡಲ್ಲ, ಬೇಡಪ್ಪಾ ಬೇಡ, ಒಂದು ಮಾತಿಗೆ ಮೂರು ದಿನ ಕಾಯಬೇಕು, ಉಪ್ಪು ಕೊಡು ಅಂದ್ರೆ ಹೊಗೆ ನೋಡ್ತಾನೆ, ಬೇಡಪ್ಪಾ ಬೇಡ, ಒಂದೊಂದು ಬೈಗುಳವೂ ನಾಲಿಗೆಗೆ ಸಿಹಿ, ಒಂದೊಂದೂ ಅವನ ಒಂದೊಂದು ಚೂರು, ಯಾರಿಗೂ ಗೊತ್ತಿಲ್ಲದ್ದು, ತನಗೊಬ್ಬಳಿಗೇ ಗೊತ್ತಿರುವುದು, ಎಲ್ಲಿಂದ ಬರುತ್ತಿವೆ ಇಷ್ಟೊಂದು, ಸಿಳ್ಳೆ ಹಾಕಿದ್ರೆ ನಾಯಿ ಬರಲ್ಲ ಬರೀ ಗಾಳಿ ಬರುತ್ತೆ, ಒಂದು ಬದಿ ನಗ್ತಾನೆ, ಒಂದು ಬದಿ ಯೋಚ್ನೆ ಮಾಡ್ತಾನೆ, ನೋಡಿ ನೋಡಿ ಸಾಕಾಯ್ತು — ಸಾಕಾಗಲಿಲ್ಲ, ಎಲ್ಲಿ ಸಾಕಾಯಿತು, ಕಣ್ಣಮುಂದೆ ಆ ಮುಖ, ಬಟ್ಟಲಿನ ಆಚೆ ನಗುವ ಆ ಮುಖ, ಬಾಯಿ ತನ್ನಷ್ಟಕ್ಕೆ ತಾನೇ ಹಾಡಿಬಿಟ್ಟಿತು, ಅರೆಮುಖದವ ನೀರಿಗೆ ಹೋಗಲಿ.

ಬೇಡಪ್ಪಾ ಬೇಡ ಎನ್ನಲಿಲ್ಲ ಯಾರೂ. ಚಪ್ಪಾಳೆ ಅರ್ಧಕ್ಕೆ ನಿಂತಿತು, ಬೇಹಾಗ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು, ಆಚೆ ಕೊಡಲಿಯೂ ನಿಂತಿತು, ಏನೆಂದೆ ನಾನು, ಅಯ್ಯೋ ಏನೆಂದೆ, ಮನಸ್ಸಿನೊಳಗೆ ಎಷ್ಟು ಮುದ್ದಿನಿಂದ ಎಷ್ಟು ಸಲ ಕರೆದಿದ್ದೇನೆ ಹಾಗೆ, ಅಲ್ಲಿ ಅದು ಬೈಗುಳವಾಗಿಯೇ ಉಳಿದಿಲ್ಲ, ಆದರೆ ಅವನು ಆ ಮಾತನ್ನು ಕೇಳಿರುವುದು ಅಪ್ಪನ ಅಂಗಳದಲ್ಲಿ, ಇದೇ ಬಾಯಿಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊಡಲಿಯನ್ನು ಗೋಡೆಗೆ ಒರಗಿಸಿದ ಸದ್ದು, ಹೆಜ್ಜೆ ಸದ್ದು, ಮನೆಯ ಕಡೆ, ಬಾಗಿಲು, ಒಂದಿಷ್ಟು ಹೊತ್ತು, ಮತ್ತೆ ಬಾಗಿಲು, ಈಗ ಭಾರದ ಹೆಜ್ಜೆ, ದಂಡೆಯ ಕಡೆ. ಅತ್ತೇ, ಎರಡನೇ ಹೆಸರು ಕೂಗು ಅತ್ತೇ, ಬೇಗ ಕೂಗು, ಎಂದಳು. ಗೋರ್ಮ್ಲಾ ಬಟ್ಟೆಯ ಅಂಚನ್ನು ಕೆಳಗಿಟ್ಟಳು, ನಾನು ಕೂಗಲ್ಲ. ನೀನು ಹಾಡೋವಾಗ ನಿನ್ನ ಮುಖ ಹೇಗಿತ್ತು ಅಂತ ನಾವೆಲ್ಲ ನೋಡಿದೀವಿ, ಅವನು ನೋಡಿಲ್ಲ ಕಣೇ, ಗೋಡೆ ದಾಟಿ ಹೋಗೋದು ಮಾತೊಂದೇ. ಎರಡನೇ ಹೆಸರು ನೀನೇ ಹೋಗಿ ಕೂಗು, ಬಟ್ಟೆ ನಾವು ಮಡಚ್ಕೋತೀವಿ, ಏಳು, ಏಳೇ ಮಾರಾಯ್ತಿ, ಕೂತ್ಕೊಂಡು ಏನು ನೋಡ್ತೀಯ.

ಎದ್ದಳು, ಓಡಿದಳು, ಮೊಣಕೈವರೆಗೆ ಒದ್ದೆ, ಲಂಗವೆಲ್ಲ ಒದ್ದೆ, ನಾತ ಜೊತೆಗೇ ಓಡುತ್ತಿದೆ, ಗಾಳಿ ಎದುರಿಗೆ, ಕೆಳಗೆ ಇಳಿಜಾರಿನಲ್ಲಿ ಅವನು, ಬಲಹೆಗಲ ಮೇಲೆ ಇವಳ ಪೆಟ್ಟಿಗೆ, ಅಮ್ಮ ಕೊಟ್ಟ ಓಕ್ ಮರದ ಪೆಟ್ಟಿಗೆ, ಅದನ್ನು ಇಬ್ಬರು ಹೊರಬೇಕು, ಒಬ್ಬನೇ ಹೊತ್ತಿದ್ದಾನೆ ಗೂಳಿ, ಮುಂದೆ ದೋಣಿಯ ಪಕ್ಕ ಅಣ್ಣ ಎದ್ದು ನಿಂತಿದ್ದಾನೆ, ಹಿಂದೆ ಕೊಟ್ಟಿಗೆಯ ಬಾಗಿಲಲ್ಲಿ ಹೆಂಗಸರು, ಒಬ್ಬಳೂ ಬಟ್ಟೆ ಮಡಚುತ್ತಿಲ್ಲ, ಸುಳ್ಳಿಯರು, ಕೂಗಬೇಕು, ಬಾಯಿ ತೆರೆದಳು, ಆಗ ಹೊಳೆಯಿತು — ಇಷ್ಟು ದಿನದಲ್ಲಿ ಒಮ್ಮೆಯೂ ಅವನ ಹೆಸರು ಹಿಡಿದು ಕರೆದೇ ಇಲ್ಲ, ನೋಡು ಇಲ್ಲಿ, ಕೇಳಿಸ್ತಾ, ಏಯ್, ಅಷ್ಟೇ, ಚಳಿಗಾಲ ಪೂರಾ ಹೆಸರಿಲ್ಲದೆ ನಡೆದುಹೋಗಿದೆ, ನಾಯಿಗೂ ಹೆಸರು ಹಿಡಿದು ಕರೆಯುತ್ತೇನಲ್ಲ ದೇವರೇ. ಟೊರ್ಕಿಲ್! ಗಾಳಿ ಕಿತ್ತುಕೊಂಡು ಹೋಯಿತು. ಟೊರ್ಕಿಲ್! ನಿಂತ. ಬೆನ್ನು ನಿಂತಿತು. ಟೊರ್ಕಿಲ್, ಪೆಟ್ಟಿಗೆ ಇಳಿಸು, ನಂಗೆ ಹೋಗಕ್ಕೆ ಇಷ್ಟ ಇಲ್ಲ, ಯಾವತ್ತೂ ಹೋಗಲ್ಲ ನಾನು, ನೀನು ಇರು ಅಂದ್ರೂ ಅನ್ನದೇ ಇದ್ರೂ, ಎಂದು ಒದರಿದಳು, ಅಣ್ಣ ಕೇಳಿಸಿಕೊಂಡ, ಹೆಂಗಸರು ಕೇಳಿಸಿಕೊಂಡರು, ದಂಡೆಯ ಹಕ್ಕಿಗಳೂ ಕೇಳಿಸಿಕೊಂಡು ಎದ್ದವು. ಬೆನ್ನು ಇನ್ನೂ ಹಾಗೇ ಇದೆ, ಕಾಲಕೆಳಗೆ ನೋಡುತ್ತಿದ್ದಾನೆ, ಆಮೇಲೆ ಅವನ ದನಿ, ಇಲ್ಲಿ ಕೆಸರು ಕಣೇ, ಮನೇಲೇ ಇಡ್ಲಾ, ಎಂದ, ಎನ್ನುತ್ತಾ ತಿರುಗಿದ, ಎಡಕ್ಕೆ, ಪೆಟ್ಟಿಗೆ ಬಲಬದಿಯನ್ನು ಮುಚ್ಚಿದೆ, ನಗುವ ಬದಿ ಕಾಣುತ್ತಿಲ್ಲ, ನಗುತ್ತಿದ್ದಾನೋ ಇಲ್ಲವೋ ಹೇಳುವಂತಿಲ್ಲ, ಕಾಣುತ್ತಿರುವುದು ಇದೊಂದೇ, ಯಾರಿಗೂ ತೋರಿಸದೆ ಗೋಡೆಗೆ ಕಡಲಿಗೆ ತಿರುಗಿಸಿಕೊಂಡು ಓಡಾಡುತ್ತಿದ್ದ ಬದಿ, ಅರ್ಧಕ್ಕೆ ನಿಂತ ರೆಪ್ಪೆ, ಗಲ್ಲಕ್ಕೆ ಇಳಿದ ಗೆರೆ, ಏಳಲಾರದ ತುಟಿಯ ತುದಿ, ಗೆರೆಯ ಉದ್ದಕ್ಕೂ ನೀರು ಇಳಿಯುತ್ತಿದೆ, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ, ಆ ಬದಿ, ಪೂರಾ ತನ್ನ ಕಡೆಗೇ ತಿರುಗಿರುವ ಆ ಬದಿ, ಆ ಬದಿ.